ಉಗ್ರಾಣದ ಬಾಗಿಲು

ಟಿಕೆಟ್ಟಿಗೆ ನಾಲ್ಕು ಯೂರೋ, ಎಪ್ಪತ್ತು ದಾಟಿದವರಿಗೆ ಮೂರು.
ಮುದುಕ ಚಿಲ್ಲರೆಯಲ್ಲಿ ಮೂರನ್ನೇ ಎಣಿಸಿದ.
ಕೇಳುವ ಮೊದಲೇ ಗುರುತಿನ ಚೀಟಿ ಮುಂದಿಟ್ಟ:
ಲುಡೋಲ್ಫ್, ಅದರ ಬಾಲಕ್ಕೆ ಎರ್ಲೆನ್‌ಶ್ಟೈನ್,
ಈ ಊರಿನ ಹೆಸರು, ಈ ಅರಮನೆಯ ಹೆಸರು.
ನಾನು ಟಿಕೆಟ್ಟು ಹರಿದುಕೊಟ್ಟೆ.
ಬುಟ್ಟಿ ತೋರಿಸಿದೆ: ಬೂಟಿನ ಮೇಲೆ ತೊಡಲು ಕಂಬಳಿ ಚಪ್ಪಲಿ,
ಮರದ ನೆಲ ಗೀರಬಾರದು ನೋಡಿ.
ಅಜ್ಜ ಮುತ್ತಜ್ಜರು ಲಾಳದ ಬೂಟಿನಲ್ಲಿ ಸದ್ದೆಬ್ಬಿಸಿದ ನೆಲದ ಮೇಲೆ
ಅವನು ಜಾರುತ್ತ ಜಾರುತ್ತ ಬಂದ,
ಗುಂಪಿನ ಕಡೆಯಲ್ಲಿ.

ಹತ್ತೊಂಬತ್ತು ಲುಡೋಲ್ಫರು ಆಳಿದ ನಾಡಿದು
ಎಂದು ದಿನಕ್ಕೆ ಮೂರು ಸಲ ಶುರುಮಾಡುತ್ತೇನೆ, ಸೋಮವಾರ ರಜೆ.
ಅಂಗೈಯಗಲದ ರಾಜ್ಯ.
ಇಲ್ಲಿ ಕೋಳಿ ಕೂಗಿದರೆ ಮೂರು ದೇಶಗಳಿಗೆ ಬೆಳಗಾಗುತ್ತಿತ್ತು.
ತೋಪಿನ ಗುರಿ ನೋಡಲು ಪಕ್ಕದ ದೊರೆಗೆ ಕಾಗದ ಬರೆಯಬೇಕು,
ಗುಂಡು ಬೀಳುವುದು ಅವನ ಎಲೆಕೋಸಿನ ಹೊಲದಲ್ಲಿ.
ಸೈನ್ಯ ನಲವತ್ತೊಂದು ಜನ, ಅದರಲ್ಲಿ ಹದಿನಾರು ವಾದ್ಯದವರು.
ಜನ ಇಲ್ಲಿ ನಗುತ್ತಾರೆ. ನಗಲೆಂದೇ ಹೇಳುವುದು.
ಹನ್ನೆರಡನೆಯವ ಎಂಬತ್ತು ಹುಡುಗರನ್ನು
ತಲೆಗಿಷ್ಟೆಂದು ಕಡಲಾಚೆಯ ಯುದ್ಧಕ್ಕೆ ಬಾಡಿಗೆ ಕೊಟ್ಟ,
ಆ ದುಡ್ಡಲ್ಲಿ ಕಿತ್ತಳೆ ಗಿಡಗಳಿಗೆ ಗಾಜಿನ ಮನೆ ಕಟ್ಟಿಸಿದ.
ಅದನ್ನೂ ಹೇಳುತ್ತೇನೆ.
ಹಿಂತಿರುಗಿದವರು ಹನ್ನೊಂದು. ಗಿಡ ಕಾಯಿ ಬಿಟ್ಟದ್ದು ಒಂದೇ ವರ್ಷ.

ಕಡೆಯವ ಇಳಿದದ್ದು ಒಂದು ನವೆಂಬರ್ ಮಧ್ಯಾಹ್ನ.
ಮಗ್ಗದವನೊಬ್ಬ, ಶಾಲೆಯ ಮಾಸ್ತರ, ಕುಂಟುವ ಸಿಪಾಯಿ,
ಕ್ರಾಂತಿ ಮಾಡಲು ಬಂದವರು
ಹೊಸ್ತಿಲಲ್ಲಿ ಕಾಲೊರೆಸಿಕೊಂಡೇ ಒಳಗೆ ಬಂದರು.
ಸಹಿಯ ಮೇಲೆ ಒತ್ತುಕಾಗದ ಇಟ್ಟವ ಮಾಸ್ತರ.
"ಒಲೆಗೆ ಸೌದೆ ನಾಳೆಯೂ ಬರುತ್ತದಲ್ಲ?"
ಎಂದು ಕೇಳಿದನಂತೆ ದೊರೆ.
ಆರುನೂರು ವರ್ಷ, ಕೊನೆಗೆ ಉಳಿದ ಮಾತು ಸೌದೆಯದು.

ಎಲ್ಲ ಹೋದ ಮೇಲೆ ಮುದುಕ ಉಳಿದ.
"ಉಗ್ರಾಣದ ಬಾಗಿಲು ಇದೆಯೆ?"
ಆ ಕಡೆ ಯಾರನ್ನೂ ಬಿಡುವುದಿಲ್ಲ.
ಕೆಂಪು ಹಗ್ಗ ಎತ್ತಿ ಹಿಡಿದೆ, ಅವನು ತಲೆ ತಗ್ಗಿಸಿ ದಾಟಿದ.

ಬಾಗಿಲ ಚೌಕಟ್ಟಿನ ಮೇಲೆ ಚಾಕುವಿನ ಗೀರುಗಳು,
ವರ್ಷಕ್ಕೊಂದು, ಅಡುಗೆಯವಳ ಲೆಕ್ಕ:
ಇಷ್ಟೆತ್ತರ ಹದಿನಾರನೆಯವ, ಇಷ್ಟು ಹದಿನೇಳು.
ಮುದುಕ ಮಂಡಿಯೂರಿ ಹುಡುಕಿದ.
ಎಲ್ಲಕ್ಕಿಂತ ಕೆಳಗೆ ಒಂದು ಗೀರು, ಜನವರಿ ನಲವತ್ತೈದು.
ಮೂರು ವರ್ಷದವನ ನೆತ್ತಿ.
ಅದರ ಮೇಲೆ ಬೆರಳಿಟ್ಟು ಸುಮ್ಮನಿದ್ದ.

ಗೀರುಗಳ ನಡುನಡುವೆ ನೀಲಿ ಪೆನ್ಸಿಲ್:
ಗೆರ್ಲಿಂಡ್, ಹೈಡ್ರುನ್, ಒಟ್ಮಾರ್, ರೋಸ್ವಿತಾ.
"ಇವರು ಯಾರು?"
ಅನಾಥಾಲಯವಿತ್ತು ಇಲ್ಲಿ, ಇಪ್ಪತ್ತೆಂಟು ವರ್ಷ, ಎಂದೆ.
ಪ್ರತಿ ಸೆಪ್ಟೆಂಬರ್ ನಿಲ್ಲಿಸಿ ಅಳೆಯುತ್ತಿದ್ದರು;
ಬೆಳೆಯದವರಿಗೆ ಒಂದು ಸೌಟು ಹಾಲು ಹೆಚ್ಚು.
ನಾನು ಹಿಮ್ಮಡಿ ಎತ್ತಲಿಲ್ಲ, ಹಾಲು ಬೇಕಿತ್ತು,
ಆದರೂ ಒಂಬತ್ತಕ್ಕೆ ಹದಿನೇಳನೆಯವನನ್ನು ಒಂದು ಬೆರಳು ಮೀರಿದ್ದೆ.
ದೊರೆಗಳಿಗಿದ್ದ ಹಾಗೆ ನಮಗೂ ಅಂಕಿ ಇತ್ತು, ಮಂಚದ್ದು:
ಇಪ್ಪತ್ತೆರಡು ನಾನು.

ಅವನು ನನ್ನ ಹೆಸರಿನ ಮೇಲಿನ ಧೂಳು ಒರೆಸಿದ.
"ಚಳಿ ಇತ್ತೆ?"
ಇತ್ತು. ಬಂದ ಸೌದೆ ಹಸಿ.
"ನಮ್ಮ ಕಾಲಕ್ಕೂ ಹಸಿಯೇ" ಎಂದ.
ಇಬ್ಬರೂ ಯಾಕೋ ನಕ್ಕೆವು.

ಐದಕ್ಕೆ ಬಾಗಿಲು ಹಾಕಿ ಕಿಟಕಿಯಲ್ಲಿ ನೋಡಿದರೆ
ಜಲ್ಲಿಯ ದಾರಿಯಲ್ಲಿ ಬಸ್ಸಿನತ್ತ ಅವನು,
ಕಂಬಳಿ ಚಪ್ಪಲಿ ಬಿಚ್ಚುವುದನ್ನು ಮರೆತಿದ್ದಾನೆ.
ಕೂಗಬಹುದಿತ್ತು.
ಲೆಕ್ಕದ ಪುಸ್ತಕ ತೆಗೆದು ಬರೆದೆ:
ಚಪ್ಪಲಿ, ಒಂದು ಜೊತೆ ಕಡಿಮೆ.